ಎಲ್ಲಿ ನಿಧಾನ ಅನ್ನಿಸಿತು ಅಂತ ಬರೆ

ಪ್ರೀತಿಯ ತಂಗಿ,

ನಿನ್ನ ಪತ್ರವೂ ಅದರ ಜೊತೆಗಿದ್ದ ಬರಹವೂ ತಲುಪಿದವು. ನನ್ನನ್ನು ಅಕ್ಕ ಅಂತ ಕರೆದಿದ್ದೀಯ. ಹಾಗಾಗಿ ನಾನೂ ‘ನೀನು’ ಅಂತಲೇ ಬರೆಯುತ್ತೇನೆ. ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬಗ್ಗೆ ಬರೆದಿದ್ದೀಯ ಅಂತ ನೋಡಿದ ಕೂಡಲೇ ಖುಷಿಯಾಯಿತು. ಹದಿಹರೆಯದವರಿಗಾಗಿ ಬಂದ ಫ್ಯಾಂಟಸಿ ಕಾದಂಬರಿಗಳಲ್ಲಿ ನನಗೆ ತುಂಬಾ ಹತ್ತಿರವಾದದ್ದು ಅದು. 1968ರ ಪುಸ್ತಕವನ್ನು ನಿನ್ನ ವಯಸ್ಸಿನವರು ಓದಿ, ಕೂತು ಅದರ ಬಗ್ಗೆ ಬರೆಯುತ್ತಾರೆ ಅನ್ನುವುದೇ ನನಗೆ ಸಂತೋಷ.

ನಿನಗೆ ಪುಸ್ತಕ ಅಷ್ಟಾಗಿ ಹಿಡಿಸಲಿಲ್ಲ. ಪರವಾಗಿಲ್ಲ. ನಿನ್ನ ಅಭಿಪ್ರಾಯ ಬದಲಾಯಿಸಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ನಿನ್ನ ಅಭಿಪ್ರಾಯ ಏನು ಅಂತ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ, ನನ್ನ ತಕರಾರು ಅಷ್ಟೇ. ಬರಹದ ಮುಕ್ಕಾಲು ಭಾಗ ಕಥೆ ಹೇಳಿದ್ದೀಯ. ಆಮೇಲೆ, ಭಾಷೆ ಚೆನ್ನಾಗಿದೆ, ಪಾತ್ರಗಳು ಚೆನ್ನಾಗಿವೆ, ಆದರೆ ಕಥೆ ನಿಧಾನ, ಯುದ್ಧವೇ ಇಲ್ಲ, ಕೊನೆ ಸಪ್ಪೆ ಅಂತ ಬರೆದು ಮೂರು ಸ್ಟಾರ್ ಕೊಟ್ಟು ಮುಗಿಸಿದ್ದೀಯ. ಈ ಕೊನೆಯ ಸಾಲುಗಳನ್ನು ಎತ್ತಿ ಬೇರೆ ಯಾವ ಪುಸ್ತಕದ ಹೆಸರಿನ ಕೆಳಗೆ ಹಾಕಿದರೂ ನಡೆಯುತ್ತದೆ, ಅಲ್ವಾ? ಅವು ಈ ಪುಸ್ತಕಕ್ಕೆ ಅಂಟಿಕೊಂಡಿಲ್ಲ.

ಹಾಗಾಗಿ ನನ್ನ ಪ್ರಶ್ನೆ ಒಂದೇ. ಎಲ್ಲಿ ನಿಧಾನ ಅನ್ನಿಸಿತು? ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟು ಫೋನ್ ಕೈಗೆ ತೆಗೆದುಕೊಂಡೆ?

ಸುಮ್ನೆ ಕೇಳುತ್ತಿಲ್ಲ. ಓದುಗರ ಅಭಿಪ್ರಾಯ ಹುಟ್ಟುವುದು ಪುಸ್ತಕ ಮುಗಿದ ಮೇಲೆ ಅಂತ ನಾವು ತಿಳಿದುಕೊಂಡಿರುತ್ತೇವೆ. ನಿಜವಾಗಿ ಅದು ಹುಟ್ಟುವುದು ಓದುತ್ತಾ ಇರುವಾಗ, ಒಂದು ಗೊತ್ತಾದ ಸಾಲಿನಲ್ಲಿ. ಮುಗಿಸುವ ಹೊತ್ತಿಗೆ ಆ ಸಾಲು ಮರೆತುಹೋಗಿ, ‘ನಿಧಾನ’, ‘ಸಪ್ಪೆ’ ಅನ್ನುವ ಒಂದೊಂದು ಪದ ಮಾತ್ರ ಉಳಿದಿರುತ್ತದೆ. ಆ ಸಾಲಿಗೆ ವಾಪಸ್ ಹೋಗಿ ನೋಡುವುದೇ ವಿಮರ್ಶೆ ಬರೆಯುವವರ ಮುಖ್ಯ ಕೆಲಸ.

ನಿನಗೆ ಎಲ್ಲಿ ಬೇಸರ ಬಂದಿರಬಹುದು ಅಂತ ನಾನು ಊಹಿಸುತ್ತೇನೆ. ಎರಡನೇ ಅಧ್ಯಾಯದ ಶುರುವಿನಲ್ಲಿ ಇರಬೇಕು. ಗಾಂಟ್ ದ್ವೀಪದ ಹುಡುಗ ಗೆಡ್‌ಗೆ ಆಗ ಹದಿಮೂರು ವರ್ಷ. ಅಷ್ಟರಲ್ಲಾಗಲೇ ಊರಿನ ಮೇಲೆ ಮಂಜು ಕವಿಸಿ, ದಾಳಿ ಮಾಡಿದ ಸೈನಿಕರ ದಾರಿ ತಪ್ಪಿಸಿ ಊರನ್ನು ಉಳಿಸಿದ್ದಾನೆ. ಅವನ ಹೆಸರು ಎಲ್ಲರ ಬಾಯಲ್ಲಿ. ದೊಡ್ಡ ಮಾಂತ್ರಿಕ ಓಗಿಯನ್ ತಾನೇ ಬಂದು ಅವನನ್ನು ಶಿಷ್ಯನಾಗಿ ಕರೆದುಕೊಂಡು ಹೊರಡುತ್ತಾನೆ. ಇನ್ನೇನು ಮಂತ್ರ, ಮಾಯೆ ಎಲ್ಲ ಶುರುವಾಗುತ್ತದೆ ಅಂತ ಗೆಡ್ ಕಾಯುತ್ತಾನೆ, ನಾವೂ ಕಾಯುತ್ತೇವೆ. ಓಗಿಯನ್ ನಡೆಯುತ್ತಾನೆ, ಅಷ್ಟೇ. ಮಾತಿಲ್ಲ, ಕತೆಯಿಲ್ಲ. ಮಳೆ ಬರುತ್ತದೆ. ಮಳೆಯನ್ನು ಪಕ್ಕಕ್ಕೆ ತಳ್ಳುವ ಮಂತ್ರ ಆ ದ್ವೀಪದ ಸಣ್ಣಪುಟ್ಟ ಮಾಂತ್ರಿಕರಿಗೂ ಗೊತ್ತು. ಓಗಿಯನ್ ಅದನ್ನೂ ಹೇಳುವುದಿಲ್ಲ. ಒಂದು ದಟ್ಟ ಮರ ಹುಡುಕಿ ಅದರ ಕೆಳಗೆ ಮಲಗುತ್ತಾನೆ. ಗೆಡ್ ತೊಟ್ಟಿಕ್ಕುವ ಪೊದೆಗಳ ಮಧ್ಯೆ ಮುದುರಿ ಕೂತು, ಬಳಸದೇ ಇರುವ ಶಕ್ತಿ ಇದ್ದು ಏನು ಪ್ರಯೋಜನ ಅಂತ ಮುಖ ಊದಿಸಿಕೊಳ್ಳುತ್ತಾನೆ.

ನನ್ನ ಊಹೆ ಸರಿಯಾದರೆ ನಿನಗೆ ಬೇಸರ ಬಂದ ಜಾಗದಲ್ಲೇ ಗೆಡ್‌ಗೂ ಬೇಸರ ಬಂದಿದೆ. ಇದನ್ನು ಗಮನಿಸಿದೆಯಾ? ನಿನ್ನ ಅಸಹನೆಯೂ ಅವನ ಅಸಹನೆಯೂ ಒಂದೇ. ಪಾಠ ಯಾವಾಗ ಶುರು ಅಂತ ಅವನು ಕೇಳುತ್ತಾನೆ. ಶುರುವಾಗಿದೆಯಲ್ಲ ಅನ್ನುತ್ತಾನೆ ಗುರು. ನಾನೇನೂ ಕಲಿತಿಲ್ಲವಲ್ಲ ಅಂದರೆ, ನಾನು ಏನು ಕಲಿಸುತ್ತಿದ್ದೇನೆ ಅಂತ ನಿನಗಿನ್ನೂ ಗೊತ್ತಾಗಿಲ್ಲ ಅನ್ನುತ್ತಾನೆ. ಲೇಖಕಿ ಇಲ್ಲಿ ಬೇಕೆಂದೇ ನಿಧಾನ ಮಾಡಿದ್ದಾರೆ. ಗೆಡ್ ಈ ಮೌನ ತಾಳಲಾರದೆ ಓಗಿಯನ್‌ನನ್ನು ಬಿಟ್ಟು ರೋಕ್ ದ್ವೀಪದ ಶಾಲೆಗೆ ಹಡಗು ಹತ್ತುತ್ತಾನೆ. ಮುಂದಿನ ಎಲ್ಲ ಅನಾಹುತಕ್ಕೂ ಬೇರು ಆ ಆತುರವೇ. ಆಮೇಲೆ ಏಳನೇ ಅಧ್ಯಾಯ ನೆನಪಿಸಿಕೋ. ಗೆಡ್ ಜೀವ ಉಳಿಸಿಕೊಳ್ಳಲು ಗಿಡುಗನ ರೂಪ ತಳೆದು ಸಮುದ್ರ ದಾಟಿ ಹಾರುತ್ತಾನೆ. ಎಷ್ಟು ಹಾರುತ್ತಾನೆ ಅಂದರೆ, ತಾನು ಮನುಷ್ಯ ಅನ್ನುವುದೇ ಮರೆತುಹೋಗುತ್ತದೆ. ಆ ಹಕ್ಕಿ ಬಂದು ಇಳಿಯುವುದು ಓಗಿಯನ್‌ನ ಕೈಮೇಲೆ. ಹಿಂದೆ ಏನೂ ಕಲಿಸಲಿಲ್ಲ ಅಂತ ಬಿಟ್ಟುಹೋದ ಅದೇ ಗುರು. ಆ ಮಳೆಯ ರಾತ್ರಿ ಅಷ್ಟು ನಿಧಾನವಾಗಿ ಇಲ್ಲದಿದ್ದರೆ ಈ ವಾಪಸಾತಿ ಇಷ್ಟು ತಟ್ಟುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ.

ನೀನು ಇದನ್ನೆಲ್ಲ ಒಪ್ಪಬೇಕಾಗಿಲ್ಲ. ಉದ್ದೇಶ ಏನಿದ್ದರೂ ನನಗೆ ಬೇಸರವಾಯಿತು ಅಂತ ಹೇಳುವ ಹಕ್ಕು ಓದುಗರಿಗೆ ಯಾವಾಗಲೂ ಇದೆ. ಆದರೆ ಆ ಮಳೆಯನ್ನು, ಆ ಮರವನ್ನು ಬರಹದಲ್ಲಿ ತಂದು ಆಮೇಲೆ ‘ನನಗೆ ಇಲ್ಲಿ ತಾಳ್ಮೆ ಕೆಟ್ಟಿತು’ ಅಂತ ಬರೆ. ಆಗ ಓದುವವರು ತಮಗೇ ನಿರ್ಧರಿಸಿಕೊಳ್ಳಬಹುದು. ಒಬ್ಬರಿಗೆ ಅಯ್ಯೋ ನನಗೂ ಬೇಸರವಾಗುತ್ತದೆ ಅನ್ನಿಸುತ್ತದೆ. ಇನ್ನೊಬ್ಬರು ನನಗೆ ಇಂಥದ್ದೇ ಬೇಕು ಅಂತ ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ಇಬ್ಬರಿಗೂ ನಿನ್ನಿಂದ ಉಪಯೋಗವಾಗುತ್ತದೆ.

ಇನ್ನು ‘ಯುದ್ಧವೇ ಇಲ್ಲ’ ಅನ್ನುವ ಮಾತು. ಮೊದಲ ಅಧ್ಯಾಯದ ಆ ದಾಳಿಯನ್ನು ಬಿಟ್ಟರೆ ಇದು ನಿಜ. ಇಲ್ಲದ್ದನ್ನು ಗಮನಿಸುವುದೂ ಒಳ್ಳೆಯ ಓದೇ. ಆದರೆ ಅಲ್ಲಿಗೆ ನಿಲ್ಲಿಸಬೇಡ. ಆ ಜಾಗದಲ್ಲಿ ಏನಿದೆ ಅಂತ ನೋಡು. ಬೇರೆ ಕಾದಂಬರಿಯಾಗಿದ್ದರೆ ಡ್ರ್ಯಾಗನ್ ಎದುರಾಗುವುದು ಕೊನೆಯಲ್ಲಿ. ಇಲ್ಲಿ ಪೆಂಡಾರ್ ದ್ವೀಪದ ಡ್ರ್ಯಾಗನ್ ಐದನೇ ಅಧ್ಯಾಯದಲ್ಲೇ ಬಂದು ಹೋಗುತ್ತದೆ. ಪುಸ್ತಕದಲ್ಲಿ ಇರುವುದು ಹತ್ತು ಅಧ್ಯಾಯ, ಅಂದರೆ ಸರಿಯಾಗಿ ನಡುಮಧ್ಯೆ. ಮರಿ ಡ್ರ್ಯಾಗನ್‌ಗಳ ಜೊತೆ ಒಂದಷ್ಟು ಹೊಡೆದಾಟ ನಡೆಯುತ್ತದೆ, ಅದನ್ನು ಬೇಗ ಮುಗಿಸುತ್ತಾರೆ. ಮುಖ್ಯ ಘಟ್ಟ ಒಂದು ಮಾತುಕತೆ. ಹಳೆಯ ಚರಿತ್ರೆಗಳನ್ನು ಓದಿ ಗೆಡ್ ಆ ಮುದಿ ಡ್ರ್ಯಾಗನ್‌ನ ನಿಜವಾದ ಹೆಸರು ಯೆವಾಡ್ ಇರಬೇಕು ಅಂತ ಊಹಿಸಿದ್ದಾನೆ. ಆ ಲೋಕದಲ್ಲಿ ನಿಜವಾದ ಹೆಸರು ಗೊತ್ತಿದ್ದವರ ಕೈಯಲ್ಲಿ ಹಿಡಿತ ಇರುತ್ತದೆ. ಅವನು ಹೆಸರು ಹೇಳುತ್ತಾನೆ, ಡ್ರ್ಯಾಗನ್ ಸಿಕ್ಕಿಬೀಳುತ್ತದೆ. ಶಾಲೆಯಲ್ಲಿದ್ದಾಗ ಗೆಡ್ ತಾನೇ ತಪ್ಪಿ ಹೊರಬಿಟ್ಟ ಒಂದು ನೆರಳು ಅವನನ್ನು ಬೆನ್ನಟ್ಟುತ್ತಿದೆ. ಆಗ ಡ್ರ್ಯಾಗನ್ ಒಂದು ಆಸೆ ತೋರಿಸುತ್ತದೆ: ನಿನ್ನನ್ನು ಬೆನ್ನಟ್ಟುತ್ತಿರುವ ಆ ನೆರಳಿನ ಹೆಸರು ನಾನು ಹೇಳಬಲ್ಲೆ.

ಇಲ್ಲಿ ನನಗೆ ಪ್ರತಿ ಸಲವೂ ಉಸಿರು ಹಿಡಿದಂತಾಗುತ್ತದೆ. ಗೆಡ್‌ಗೆ ಪ್ರಪಂಚದಲ್ಲಿ ಬೇಕಾಗಿರುವುದು ಅದೊಂದೇ. ಆ ಹೆಸರು ಸಿಕ್ಕರೆ ಅವನು ಬದುಕುತ್ತಾನೆ. ಆದರೆ ಅವನು ಅಲ್ಲಿಗೆ ಬಂದಿರುವುದು ತಾನು ಮಾಂತ್ರಿಕನಾಗಿರುವ ಲೋ ಟಾರ್ನಿಂಗ್ ದ್ವೀಪಗಳ ಮೀನುಗಾರರನ್ನು ಕಾಪಾಡುವುದಕ್ಕೆ. ಅವನು ನೆರಳಿನ ಹೆಸರು ಬಿಟ್ಟು, ಯೆವಾಡ್ ಮತ್ತು ಅದರ ಮಕ್ಕಳು ಆ ದ್ವೀಪಗಳ ಕಡೆ ಎಂದೂ ಬರಕೂಡದು ಅಂತ ಆಣೆ ಮಾಡಿಸಿಕೊಳ್ಳುತ್ತಾನೆ. ರೋಕ್‌ನಲ್ಲಿ ಸಹಪಾಠಿ ಜ್ಯಾಸ್ಪರ್ ಎದುರು ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯಲು ಹೋದವನು, ಬಾಗಿಲು ತೆರೆದು ಕತ್ತಲೆಯನ್ನು ಒಳಗೆ ಬಿಟ್ಟವನು, ಹಿರಿಯ ಗುರು ನೆಮ್ಮರ್ಲ್ ಅವರ ಸಾವಿಗೆ ಕಾರಣನಾದವನು ಇದೇ ಹುಡುಗ. ಅವನು ಎಷ್ಟು ಬದಲಾಗಿದ್ದಾನೆ ಅಂತ ಲೇಖಕಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಚೌಕಾಸಿಯಲ್ಲಿ ತೋರಿಸಿಬಿಡುತ್ತಾರೆ. ಯುದ್ಧ ಇಲ್ಲ ಅಂತ ನೀನು ಬರೆದ ಸಾಲಿನ ಪಕ್ಕದಲ್ಲೇ ಇದು ಬಂದಿದ್ದರೆ ನಿನ್ನ ಬರಹ ಎಷ್ಟು ಮೇಲೇರುತ್ತಿತ್ತು!

ಅದಕ್ಕೂ ಸ್ವಲ್ಪ ಮುಂಚಿನ ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ, ಬಿಡಲು ಮನಸ್ಸಿಲ್ಲ. ದೋಣಿ ಕಟ್ಟುವ ಪೆಚ್ವರಿ ಗೆಡ್‌ನ ಗೆಳೆಯ. ಅವನ ಮಗು ಸಾಯುತ್ತಿರುವಾಗ ಗೆಡ್ ಆ ಜೀವದ ಹಿಂದೆ ಸಾವಿನ ಸೀಮೆಯವರೆಗೂ ಹೋಗುತ್ತಾನೆ. ಮಗು ಸಿಗುವುದಿಲ್ಲ. ಅವನೇ ವಾಪಸ್ ಬರಲಾರದೆ ಹೆಣದಂತೆ ಬಿದ್ದಿರುತ್ತಾನೆ. ಅವನನ್ನು ಎಬ್ಬಿಸುವುದು ಯಾವ ಮಂತ್ರವೂ ಅಲ್ಲ. ಅವನು ಸಾಕಿದ ಓಟಕ್ ಅನ್ನುವ ಪುಟ್ಟ ಪ್ರಾಣಿ ಅವನ ಕೈ, ಹಣೆ ನೆಕ್ಕುತ್ತಾ ಕೂರುತ್ತದೆ. ಒಂದು ಪ್ರಾಣಿ ತನ್ನ ಜೊತೆಗಾರನಿಗೆ ಪೆಟ್ಟಾದರೆ ಏನು ಮಾಡುತ್ತದೋ ಅದನ್ನೇ ಮಾಡುತ್ತದೆ. ನಿನ್ನ ಕಥಾಸಾರದಲ್ಲಿ ಓಟಕ್ ಇಲ್ಲವೇ ಇಲ್ಲ. ಸಾರಾಂಶ ಬರೆಯುವಾಗ ನಾವು ದೊಡ್ಡ ಘಟನೆಗಳನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಪುಸ್ತಕದ ಜೀವ ಇಂಥ ಸಣ್ಣ ಜಾಗಗಳಲ್ಲಿ ಇರುತ್ತದೆ. ಕಥೆಯನ್ನು ನಾಲ್ಕೈದು ವಾಕ್ಯಕ್ಕೆ ಇಳಿಸು. ಉಳಿದ ಜಾಗವನ್ನು ಓಟಕ್‌ಗೆ ಕೊಡು.

ಕೊನೆ ಸಪ್ಪೆ ಅಂದಿದ್ದೀಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಮೊದಲು ಒಂದು ಕೋರಿಕೆ. ಆ ನೆರಳಿನ ಹೆಸರೇನು ಅನ್ನುವುದನ್ನು ನಿನ್ನ ಎರಡನೇ ಪ್ಯಾರಾದಲ್ಲೇ ಹೇಳಿಬಿಟ್ಟಿದ್ದೀಯ. ತೆಗೆದುಹಾಕು. ಹತ್ತು ಅಧ್ಯಾಯ ನಡೆದು ಓದುಗರು ತಾವೇ ತಲುಪಬೇಕಾದ ಜಾಗ ಅದು. ನಾನೂ ಇಲ್ಲಿ ಹೇಳುವುದಿಲ್ಲ. ನಾಳೆ ಈ ಪತ್ರವನ್ನು ನೀನು ಯಾರಿಗಾದರೂ ತೋರಿಸಬಹುದು.

ಕೊನೆಗೆ ಬರುವ ಮುಂಚೆ ಮೊದಲ ಪ್ಯಾರಾ ಇನ್ನೊಮ್ಮೆ ಓದು. ಗಾಂಟ್ ದ್ವೀಪದ ಈ ಹುಡುಗ ಮುಂದೆ ಡ್ರ್ಯಾಗನ್‌ಗಳ ಜೊತೆ ಮಾತಾಡಬಲ್ಲವನಾದ, ಎಲ್ಲ ಮಾಂತ್ರಿಕರಿಗೂ ಹಿರಿಯನಾದ, ಅವನ ಮೇಲೆ ಹಾಡುಗಳೇ ಇವೆ ಅಂತ ಲೇಖಕಿ ಅಲ್ಲೇ ಹೇಳಿಬಿಡುತ್ತಾರೆ. ಇದು ಆ ಹಾಡುಗಳು ಹುಟ್ಟುವ ಮುಂಚಿನ ಕಥೆ ಅನ್ನುತ್ತಾರೆ. ಅಂದರೆ ಗೆಡ್ ಬದುಕುತ್ತಾನಾ, ಗೆಲ್ಲುತ್ತಾನಾ ಅನ್ನುವ ಕುತೂಹಲವನ್ನು ಮೊದಲ ಪುಟದಲ್ಲೇ ಕೈಬಿಟ್ಟಿದ್ದಾರೆ. ಯಾಕೆ? ಅವರಿಗೆ ನಮ್ಮ ಗಮನ ಬೇರೆ ಕಡೆ ಬೇಕಾಗಿತ್ತು. ಅವನು ಗೆದ್ದನೋ ಸೋತನೋ ಅನ್ನುವುದಕ್ಕಿಂತ ಅವನು ಯಾರನ್ನು ಬೆನ್ನಟ್ಟುತ್ತಿದ್ದಾನೆ ಅನ್ನುವುದು ಅವರ ವಿಷಯ. ಕೊನೆಯಲ್ಲಿ ಭೂಮಿಯೇ ಇಲ್ಲದ ಪೂರ್ವದ ಸಮುದ್ರದಲ್ಲಿ ಒಂದು ಸಣ್ಣ ದೋಣಿ. ಅದರಲ್ಲಿ ಗೆಡ್, ಅವನ ಗೆಳೆಯ ವೆಚ್. ನೋಡುವುದಕ್ಕೆ ಸೈನ್ಯ ಇಲ್ಲ, ಚಪ್ಪಾಳೆ ಇಲ್ಲ, ಸಿಂಹಾಸನ ಇಲ್ಲ. ಅಲ್ಲಿ ಏನು ನಡೆಯಿತು ಅಂತ ಆಮೇಲಿನ ಹಾಡುಗಳೂ ಹೇಳುವುದಿಲ್ಲ ಅಂತ ಪುಸ್ತಕವೇ ಹೇಳುತ್ತದೆ.

ಈಗ ನಿನ್ನನ್ನೇ ಕೇಳಿಕೋ. ಸಪ್ಪೆ ಅನ್ನಿಸಿದಾಗ ನೀನು ಏನಕ್ಕೆ ಕಾಯುತ್ತಿದ್ದೆ? ದೊಡ್ಡ ಕಾಳಗಕ್ಕಾ? ಆ ನಿರೀಕ್ಷೆಯನ್ನು ಈ ಪುಸ್ತಕ ಹುಟ್ಟಿಸಿತಾ, ಅಥವಾ ನೀನು ಮೊದಲು ಓದಿದ, ನೋಡಿದ ಬೇರೆ ಕಥೆಗಳಿಂದ ಅದು ಬಂತಾ? ಪುಸ್ತಕವೇ ಮಾತು ಕೊಟ್ಟು ತಪ್ಪಿದ್ದರೆ ಅದು ಪುಸ್ತಕದ ದೋಷ. ಖಡಾಖಂಡಿತವಾಗಿ ಬರೆ. ನೀನು ಹೊರಗಿನಿಂದ ತಂದ ನಿರೀಕ್ಷೆಯಾಗಿದ್ದರೆ ಅದನ್ನೂ ಬರೆ: ನಾನು ಇಂಥದ್ದಕ್ಕೆ ಕಾದಿದ್ದೆ, ಪುಸ್ತಕ ನನಗೆ ಬೇರೆ ಏನೋ ಕೊಟ್ಟಿತು, ಅದು ನನಗೆ ಸಾಲಲಿಲ್ಲ. ಇವೆರಡೂ ಬೇರೆ ಬೇರೆ ದೂರು. ‘ಸಪ್ಪೆ’ ಅನ್ನುವ ಪದ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ.

ಹ್ಯಾರಿ ಪಾಟರ್‌ನಷ್ಟು ರೋಚಕವಾಗಿಲ್ಲ ಅಂತಲೂ ಬರೆದಿದ್ದೀಯ. ಮಾಂತ್ರಿಕರ ಶಾಲೆ ಅಂದ ಕೂಡಲೇ ಅದು ನೆನಪಾಗುವುದು ಸಹಜ. ಆದರೆ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಇದಕ್ಕಿಂತ 29 ವರ್ಷ ಆಮೇಲೆ. ಅಲ್ಲಿ ಶಾಲೆಯೇ ಲೋಕ. ಇಲ್ಲಿ ಶಾಲೆ ಮುಖ್ಯವಾಗಿ ಎರಡು ಅಧ್ಯಾಯದ ಮಾತು, ಆಮೇಲೆ ಸಮುದ್ರವೇ ಸಮುದ್ರ. ಇವೆರಡನ್ನೂ ಪಕ್ಕಪಕ್ಕ ಇಡುವುದಾದರೆ ಈ ವ್ಯತ್ಯಾಸದಿಂದ ಶುರು ಮಾಡು. ಇಲ್ಲವಾದರೆ ಹೋಲಿಕೆಯನ್ನೇ ಬಿಡು.

ಈ ಪುಸ್ತಕ ಹೇಗೆ ಹುಟ್ಟಿತು ಅನ್ನುವುದನ್ನು ಲೆ ಗ್ವಿನ್ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಪಾರ್ನಾಸಸ್ ಪ್ರೆಸ್‌ನ ಪ್ರಕಾಶಕ ಹರ್ಮನ್ ಶೈನ್ ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿ ಅಂತ ಕೇಳಿದರಂತೆ. ಅದುವರೆಗೂ ಅವರು ಆ ವಯಸ್ಸಿನವರಿಗಾಗಿ ಬರೆದವರಲ್ಲ. ಯೋಚಿಸುತ್ತಾ ಮಾಂತ್ರಿಕರ ವಿಷಯ ತಲೆಗೆ ಬಂತು. ಕಥೆಗಳಲ್ಲಿ ಮಾಂತ್ರಿಕರು ಯಾವಾಗಲೂ ಬಿಳಿ ಗಡ್ಡದ ಮುದುಕರು. ಆ ಗಡ್ಡ ಬರುವ ಮುಂಚೆ ಅವರು ಏನಾಗಿದ್ದರು? ಅಷ್ಟು ಅಪಾಯದ ವಿದ್ಯೆಯನ್ನು ಎಲ್ಲಿ ಕಲಿತರು? ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ದ್ವೀಪಗಳ ನಕ್ಷೆ ಬರೆದುಕೊಂಡರು. ಹದಿಹರೆಯದವರ ಪುಸ್ತಕ ಅನ್ನುವ ಹಣೆಪಟ್ಟಿ ಎಲ್ಲಿಂದ ಬಂತು ಅಂತ ನಿನಗೆ ಗೊತ್ತಿರಲಿ ಅಂತ ಇದನ್ನು ಹೇಳಿದೆ. ಮಕ್ಕಳ ಪುಸ್ತಕಕ್ಕೆ ಇಷ್ಟು ಸಾಕು ಅಂತ ನೀನು ಒಂದು ಕಡೆ ಬರೆದಿದ್ದೀಯ. ಆ ಸಾಲು ನನಗೆ ನೋವು ಕೊಟ್ಟಿತು. ಹದಿನಾಲ್ಕು ವರ್ಷದ ಓದುಗರಿಗೆ ಕಡಿಮೆ ಸಾಕು ಅಂದುಕೊಂಡು ಲೆ ಗ್ವಿನ್ ಒಂದು ಸಾಲನ್ನೂ ಬರೆದಿಲ್ಲ. ನೀನೂ ಅಷ್ಟೇ ಗೌರವದಿಂದ ಓದಬೇಕು.

ಈಗ ನಿನ್ನ ಬರಹದಲ್ಲಿ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಹುಡುಗಿಯರು ಎಲ್ಲಿ ಅಂತ ಒಂದು ಸಾಲು ಬರೆದು ಆಮೇಲೆ ಅದನ್ನು ಹೊಡೆದುಹಾಕಿದ್ದೀಯ. ಗೀಟಿನ ಕೆಳಗೆ ಇನ್ನೂ ಕಾಣುತ್ತಿದೆ. ಯಾಕೆ ಹೊಡೆದೆ? ಇಡೀ ಬರಹದಲ್ಲಿ ನಿನ್ನದೇ ಆದ ಸಾಲು ಅದೊಂದೇ. ಹೆಂಗಸರ ಮಂತ್ರ ದುರ್ಬಲ, ಹೆಂಗಸರ ಮಂತ್ರ ಕೆಟ್ಟದ್ದು ಅನ್ನುವ ಅರ್ಥದ ಗಾದೆಗಳು ಗಾಂಟ್‌ನಲ್ಲಿ ಇವೆ ಅಂತ ಮೊದಲ ಅಧ್ಯಾಯದಲ್ಲೇ ಬರುತ್ತದೆ. ರೋಕ್ ಶಾಲೆಯಲ್ಲಿ ಕಲಿಯುವವರೆಲ್ಲ ಹುಡುಗರು, ಕಲಿಸುವವರೆಲ್ಲ ಗಂಡಸರು. ಗೆಡ್‌ಗೆ ಮೊದಲ ಮಂತ್ರ ಕಲಿಸಿದ್ದು ಅವನ ತಾಯಿಯ ಸೋದರಿ, ಆದರೆ ಅವಳು ಅರೆಬರೆ ವಿದ್ಯೆಯ ಹಳ್ಳಿಯ ಮಾಟಗಾತಿ. ಟೆರೆನಾನ್ ಕೋಟೆಯ ಒಡತಿ ಸೆರೆಟ್ ಬರುವುದು ಗೆಡ್‌ನನ್ನು ಬಲೆಗೆ ಬೀಳಿಸುವುದಕ್ಕೆ. ವೆಚ್‌ನ ತಂಗಿ ಜಾಣೆ, ಪ್ರೀತಿ ಹುಟ್ಟಿಸುವ ಹುಡುಗಿ, ಆದರೆ ಅವಳು ಮನೆಯಲ್ಲೇ ಉಳಿಯುತ್ತಾಳೆ. ನೋಡು, ಪುರಾವೆ ಎಷ್ಟು ಇದೆ! ಇಷ್ಟು ದೊಡ್ಡ ಲೇಖಕಿಗೆ ನಾನು ಹೇಗೆ ಹೇಳಲಿ ಅಂತ ಹೆದರಿದೆಯಾ? ಈ ಪ್ರಶ್ನೆಯನ್ನು ಲೆ ಗ್ವಿನ್ ತಾವೇ ಎತ್ತಿಕೊಂಡರು. ಈ ಸರಣಿಯ ಮೂರನೆಯ ಪುಸ್ತಕ ‘ದಿ ಫಾರ್ದೆಸ್ಟ್ ಶೋರ್’ ಬಂದದ್ದು 1972ರಲ್ಲಿ. ಹದಿನೆಂಟು ವರ್ಷ ಆದಮೇಲೆ, 1990ರಲ್ಲಿ, ಅವರು ಅದೇ ಲೋಕಕ್ಕೆ ವಾಪಸ್ ಬಂದು ‘ಟೆಹಾನು’ ಬರೆದರು. ಅದರ ಮಧ್ಯದಲ್ಲಿ ಇರುವುದು ಟೆನಾರ್. ರೈತನ ಮನೆಯ ವಿಧವೆ, ಅಡಿಗೆ ಮಾಡುವವಳು, ಮೇಕೆ ನೋಡಿಕೊಳ್ಳುವವಳು. ಅವಳ ಕಣ್ಣಿಂದ ನೋಡಿದಾಗ ರೋಕ್‌ನ ದೊಡ್ಡ ಮಾಂತ್ರಿಕರು ಬೇರೆಯಾಗಿಯೇ ಕಾಣುತ್ತಾರೆ. ಲೇಖಕಿಯೇ ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡ ಪ್ರಶ್ನೆಯನ್ನು ನೀನು ಒಂದು ಗೀಟಿನಲ್ಲಿ ಅಳಿಸಬಾರದು. ಆ ಸಾಲನ್ನು ವಾಪಸ್ ತಂದು ಒಂದು ಪ್ಯಾರಾ ಮಾಡು.

ಇನ್ನೊಂದು ಕೇಳಬೇಕು. ಓದುವಾಗ ನಿನ್ನ ಕಣ್ಣಮುಂದೆ ಬಂದ ಗೆಡ್ ಯಾವ ಬಣ್ಣದವನು? ಪುಸ್ತಕದಲ್ಲಿ ಅವನ ಮೈಬಣ್ಣ ಕೆಂಪು ಬೆರೆತ ಕಂದು. ವೆಚ್ ಇನ್ನೂ ಕಪ್ಪು. ಬಿಳಿ ಚರ್ಮದವರು ಅಂದರೆ ದಾಳಿ ಮಾಡಲು ಬಂದ ಆ ಸೈನಿಕರು. 1968ರಲ್ಲಿ ಅಮೆರಿಕದಲ್ಲಿ ಇದನ್ನು ಬರೆದರು, ಅದೂ ಯಾವ ಸದ್ದೂ ಮಾಡದೆ, ಕಥೆಯ ನಡುವೆ ಒಂದೊಂದು ಪದದಲ್ಲಿ. ಆಮೇಲೆ ಎಷ್ಟೋ ಮುಖಪುಟಗಳಲ್ಲಿ ಗೆಡ್‌ನನ್ನು ಬಿಳಿ ಹುಡುಗನಾಗಿ ಬರೆದರು. 2004ರ ಟಿವಿ ಸರಣಿಯಲ್ಲೂ ಹಾಗೇ ಮಾಡಿದಾಗ ಲೆ ಗ್ವಿನ್ ಬಹಿರಂಗವಾಗಿ ಸಿಟ್ಟು ತೋರಿಸಿದರು. ಇಂಗ್ಲಿಷ್ ಫ್ಯಾಂಟಸಿ ಓದುವಾಗ ನಮ್ಮ ಊರಿನ ಮಕ್ಕಳೂ ನಾಯಕನನ್ನು ಬೆಳ್ಳಗೆ ಕಲ್ಪಿಸಿಕೊಂಡೇ ಬೆಳೆದಿದ್ದಾರೆ. ನಿನ್ನಂತೆಯೇ ಕಾಣಬಹುದಾದ ಮಾಂತ್ರಿಕ ಆ ಪುಟಗಳಲ್ಲಿ ಇದ್ದ. ಅವನನ್ನು ನೀನು ಕಂಡೆಯಾ, ಕಾಣದೆ ದಾಟಿ ಹೋದೆಯಾ? ಎರಡರಲ್ಲಿ ಯಾವುದಾದರೂ ಬರೆಯುವುದಕ್ಕೆ ಒಳ್ಳೆಯ ವಿಷಯವೇ. ಕನ್ನಡದಲ್ಲಿ ಕನ್ನಡದವರಿಗಾಗಿ ಬರೆಯುವ ನೀನು ಇದನ್ನು ಬರೆಯದಿದ್ದರೆ ಇನ್ಯಾರು ಬರೆಯಬೇಕು?

ಸ್ಟಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಳುವ ಜಾಗದಲ್ಲಿ ಕೊಡು. ಆದರೆ ಬರಹ ಪೂರ್ತಿ ಮುಗಿಸಿ ಆಮೇಲೆ ಕೊಡು. ಮೊದಲೇ ಮೂರು ಅಂತ ತೀರ್ಮಾನಿಸಿದರೆ ಬರಹ ಆ ಮೂರಕ್ಕೆ ಕಾರಣ ಹುಡುಕುತ್ತಾ ಹೋಗುತ್ತದೆ. ಹಾಗೇ, ನಿನ್ನ ಮೊದಲ ಕರಡು ಮುಗಿಯುವವರೆಗೂ ಬೇರೆಯವರ ವಿಮರ್ಶೆ ಓದಬೇಡ. ಪಾತ್ರಗಳು ಚೆನ್ನಾಗಿವೆ ಅನ್ನುವಂಥ ಸಾಲುಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ. ಪೆನ್ಸಿಲ್ ಹಿಡಿದು ಓದು. ಬೇಸರವಾದಲ್ಲಿ, ಖುಷಿಯಾದಲ್ಲಿ, ಸಿಟ್ಟು ಬಂದಲ್ಲಿ ಅಂಚಿನಲ್ಲಿ ಒಂದು ಗೆರೆ ಸಾಕು.

ಭಾಷೆ ಚೆನ್ನಾಗಿದೆ ಅಂದೆಯಲ್ಲ, ಅದಕ್ಕೂ ಒಂದು ಸಾಲು ಎತ್ತಿ ತೋರಿಸು. ಮೊದಲು ಗಟ್ಟಿಯಾಗಿ ಓದಿ ನೋಡು. ಹಳೆಯ ಕಾಲದ ಯಾರೋ ಕೂತು ಕಥೆ ಹೇಳುತ್ತಿರುವ ಧಾಟಿ ಅದರಲ್ಲಿದೆ. ಕಣ್ಣಲ್ಲಿ ಓದಿದರೆ ಒಣಗಿದಂತೆ ಕಾಣುವ ವಾಕ್ಯಗಳು ಬಾಯಲ್ಲಿ ಬಂದಾಗ ಬೇರೆ ಥರ ಕೇಳಿಸುತ್ತವೆ. ನಿನಗೆ ನಿಧಾನ ಅನ್ನಿಸಿದ ಕಡೆಯೂ ಇದನ್ನು ಮಾಡಿ ನೋಡು.

ಇಡೀ ಬರಹವನ್ನು ಒಮ್ಮೆಲೇ ತಿದ್ದಲು ಹೋಗಬೇಡ. ಓಗಿಯನ್ ಮತ್ತು ಮಳೆಯ ಆ ಭಾಗ, ಡ್ರ್ಯಾಗನ್‌ನ ಚೌಕಾಸಿ, ಹುಡುಗಿಯರ ಪ್ರಶ್ನೆ, ಇವುಗಳಲ್ಲಿ ನಿನ್ನ ಮನಸ್ಸು ಎಲ್ಲಿ ಹೆಚ್ಚು ಕುದಿಯುತ್ತದೋ ಅದನ್ನು ಮೊದಲು ಬರೆದು ಕಳಿಸು. ಮೂರು ಸ್ಟಾರ್ ಹಾಗೇ ಇದ್ದರೂ ನನಗೆ ಬೇಸರವಿಲ್ಲ. ‘ಟೆಹಾನು’ ನನ್ನ ಹತ್ತಿರ ಇದೆ, ಬೇಕಾದರೆ ಅಂಚೆಯಲ್ಲಿ ಕಳಿಸುತ್ತೇನೆ. ಆದರೆ ಅದಕ್ಕೆ ಮುಂಚೆ ಸರಣಿಯ ಎರಡನೆಯ ಪುಸ್ತಕ ‘ದಿ ಟೂಂಬ್ಸ್ ಆಫ್ ಅಟುವಾನ್’ ಓದಿರಬೇಕು. ಟೆನಾರ್ ಹುಡುಗಿಯಾಗಿ ಸಿಗುವುದು ಅದರಲ್ಲಿ.

ಇಂತಿ,
ನಿನ್ನ ಅಕ್ಕ